ಬೆಳಕು ಬಿದ್ದರೂ ಬ್ಯಾಕ್ಟೀರಿಯಾ ಸಾಯುತ್ತಿಲ್ಲವೇ? ಇಂಪ್ಲಾಂಟ್ ಕೋಟಿಂಗಿನ ದೋಷ ಹುಡುಕುವ ಬಗೆ

ಟೈಟಾನಿಯಂ ತುಂಡಿಗೆ ಬೆಳಕು ಬಿದ್ದಾಗ ಬ್ಯಾಕ್ಟೀರಿಯಾ ಕೊಲ್ಲುವ ಕೋಟಿಂಗ್ ಹಾಕಿ, ಬ್ಯಾಕ್ಟೀರಿಯಾ ಬಿಟ್ಟು, ದೀಪದ ಕೆಳಗೆ ಇಟ್ಟಾಗಿದೆ. ಮರುದಿನ ಇನ್‌ಕ್ಯುಬೇಟರ್ ತೆಗೆದರೆ ಪ್ಲೇಟಿನ ತುಂಬ ಬದುಕುಳಿದ ಬ್ಯಾಕ್ಟೀರಿಯಾದ ಕಾಲೊನಿಗಳು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ನೇರವಾಗಿ ಕೋಟಿಂಗ್ ಮಾಡುವ ವಿಧಾನವನ್ನೇ ಬದಲಿಸಲು ಹೊರಡುತ್ತಾರೆ. ಸಮಯ, ದುಡ್ಡು ಎರಡನ್ನೂ ಹೆಚ್ಚು ತಿನ್ನುವ ದಾರಿ ಅದೇ. ದೋಷ ಬಹಳ ಸಲ ದೀಪದಲ್ಲಿರುತ್ತದೆ, ಮುಚ್ಚಳದಲ್ಲಿರುತ್ತದೆ, ಬ್ಯಾಕ್ಟೀರಿಯಾ ತೇಲಿಸಿದ ದ್ರವದಲ್ಲಿರುತ್ತದೆ. ಅವನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದು.

ಲ್ಯಾಬಿನಲ್ಲಿ ಇಂಥ ಕೋಟಿಂಗ್ ಪರೀಕ್ಷಿಸುವ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಇದನ್ನು ಬರೆದಿದ್ದೇನೆ. ಇಂಪ್ಲಾಂಟಿನ ಮೇಲೆ ಬ್ಯಾಕ್ಟೀರಿಯಾ ಒಮ್ಮೆ ಬಯೋಫಿಲ್ಮ್, ಅಂದರೆ ಗಟ್ಟಿಯಾಗಿ ಅಂಟಿದ ಪದರ, ಕಟ್ಟಿಕೊಂಡರೆ ಆಂಟಿಬಯೋಟಿಕ್‌ಗಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಎಷ್ಟೋ ರೋಗಿಗಳಿಗೆ ಮತ್ತೆ ಆಪರೇಷನ್ ಮಾಡಿ ಇಂಪ್ಲಾಂಟನ್ನೇ ಹೊರತೆಗೆಯಬೇಕಾಗುತ್ತದೆ. ಹಾಗಾಗಿ ಇಲ್ಲಿನ ಒಂದು ತಪ್ಪು ಫಲಿತಾಂಶ ಪ್ರಬಂಧದ ಪುಟದಲ್ಲೇ ಉಳಿಯುವುದಿಲ್ಲ. ಮುಂದೆ ಯಾರದೋ ಮೈಯೊಳಗೆ ಹೋಗುವ ವಸ್ತುವಿಗೆ ಅದು ಬುನಾದಿಯಾಗುತ್ತದೆ.

ಎರಡು ಬಗೆಯ ಕೋಟಿಂಗ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಒಂದು, ಟೈಟಾನಿಯಂ ಮೇಲೆ ಬೆಳೆಸಿದ ಟೈಟಾನಿಯಂ ಡೈಆಕ್ಸೈಡ್ ಪದರ. ಅದಕ್ಕೆ ನೇರಳಾತೀತ ಬೆಳಕು ತಾಗಿದಾಗ ಎಲೆಕ್ಟ್ರಾನ್‌ಗಳು ಮೇಲೆದ್ದು, ನೀರು ಮತ್ತು ಆಕ್ಸಿಜನ್ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂಥ ಉಗ್ರ ಕಣಗಳು ಹುಟ್ಟುತ್ತವೆ. ಇನ್ನೊಂದು, ಕ್ಯಾಥೆಟರ್‌ಗಳ ಸಿಲಿಕೋನಿನೊಳಗೆ ಮಿಥಿಲೀನ್ ಬ್ಲೂ ಅಥವಾ ಕ್ರಿಸ್ಟಲ್ ವಯೊಲೆಟ್ ಬಣ್ಣ ಇಳಿಸಿದ್ದು. ಬಣ್ಣ ಬೆಳಕನ್ನು ಹೀರಿ ಪಕ್ಕದ ಆಕ್ಸಿಜನ್ನಿಗೆ ಶಕ್ತಿ ದಾಟಿಸುತ್ತದೆ, ಸಿಂಗ್ಲೆಟ್ ಆಕ್ಸಿಜನ್ ಎಂಬ ಆಕ್ಸಿಜನ್ನಿನ ಉಗ್ರ ರೂಪ ಹುಟ್ಟುತ್ತದೆ.

ಮೊದಲು ನಾಲ್ಕು ಪ್ಲೇಟ್

ಯಾವ ಲಕ್ಷಣವೇ ಇರಲಿ, ಈ ನಾಲ್ಕು ಇಲ್ಲದೆ ಮುಂದೆ ಹೋಗಬೇಡಿ: ಕೋಟಿಂಗ್ ಇದೆ, ಬೆಳಕಿದೆ; ಕೋಟಿಂಗ್ ಇದೆ, ಬೆಳಕಿಲ್ಲ; ಕೋಟಿಂಗ್ ಇಲ್ಲ, ಬೆಳಕಿದೆ; ಎರಡೂ ಇಲ್ಲ. ಕತ್ತಲಲ್ಲಿ ಇಡುವ ಸ್ಯಾಂಪಲ್ ಕೂಡ ಅದೇ ಕೋಣೆಯಲ್ಲಿ, ಅಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ ಇರಬೇಕು. ಅಲ್ಯೂಮಿನಿಯಂ ಹಾಳೆ ಸುತ್ತಿ ದೀಪದ ಪಕ್ಕದಲ್ಲೇ ಇಡಿ, ಫ್ರಿಜ್ಜಿನಲ್ಲಿ ಅಲ್ಲ. ಫೋಟೊಕ್ಯಾಟಲಿಟಿಕ್ (ಬೆಳಕಿನಿಂದ ರಾಸಾಯನಿಕ ಕ್ರಿಯೆ ನಡೆಸುವ) ವಸ್ತುಗಳ ಬ್ಯಾಕ್ಟೀರಿಯಾ ಪರೀಕ್ಷೆಗೆಂದೇ ಇರುವ ಐಎಸ್‌ಒ 27447 ಮಾನದಂಡವೂ ಬೆಳಕು, ಕತ್ತಲು ಎರಡರ ಹೋಲಿಕೆಯ ಮೇಲೆಯೇ ನಿಂತಿದೆ. ಮುಂದೆ ಹೇಳುವ ಒಂದೊಂದು ಲಕ್ಷಣವೂ ಈ ನಾಲ್ಕರಲ್ಲಿ ಯಾವುದು ಎಡವಿತು ಎಂಬುದರಿಂದಲೇ ಗೊತ್ತಾಗುತ್ತದೆ.

ಲಕ್ಷಣ: ಬೆಳಕಿನಲ್ಲೂ ಕತ್ತಲಲ್ಲೂ ಕಾಲೊನಿಗಳ ಸಂಖ್ಯೆ ಒಂದೇ

ಹೆಚ್ಚು ಕಾಣುವ ತೊಂದರೆ ಇದು. ಕಾರಣಗಳೂ ಹೆಚ್ಚು, ಅದಕ್ಕೇ ಇಲ್ಲಿ ನಿಧಾನವಾಗಿ ಹೋಗೋಣ.

ದೀಪದ ಬಣ್ಣ ನೋಡಿ. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಹರಳಿನ ರೂಪದ ಶಕ್ತಿ ಅಂತರ (ಎಲೆಕ್ಟ್ರಾನ್ ಮೇಲೇಳಲು ಬೇಕಾದ ಕನಿಷ್ಠ ಶಕ್ತಿ) 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು 388 ನ್ಯಾನೊಮೀಟರಿಗಿಂತ ಉದ್ದದ ಅಲೆಯ ಬೆಳಕು ಅದಕ್ಕೆ ಲೆಕ್ಕಕ್ಕಿಲ್ಲ. ಮಾಮೂಲಿ ಬಿಳಿ ಎಲ್‌ಇಡಿ ನೀಲಿ ಚಿಪ್ಪಿನ ಮೇಲೆ ಫಾಸ್ಫರ್ ಬಳಿದದ್ದು, 400ರ ಕೆಳಗೆ ಅದರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಅದರ ಕೆಳಗೆ ಶುದ್ಧ ಅನಟೇಸ್ ಎಷ್ಟು ಗಂಟೆ ಇಟ್ಟರೂ ಕತ್ತಲಲ್ಲಿ ಇಟ್ಟಂತೆಯೇ. ಬೇಕಾದದ್ದು 365 ನ್ಯಾನೊಮೀಟರಿನ ದೀಪ. ಬಣ್ಣದ ಕೋಟಿಂಗ್‌ಗೆ ಲೆಕ್ಕ ಬೇರೆ: ಮಿಥಿಲೀನ್ ಬ್ಲೂ 660ರ ಆಸುಪಾಸಿನ ಕೆಂಪನ್ನು, ಕ್ರಿಸ್ಟಲ್ ವಯೊಲೆಟ್ 590ರ ಹತ್ತಿರದ ಹಳದಿಯನ್ನು ಹೆಚ್ಚು ಹೀರುತ್ತವೆ. ದೀಪದ ಡಬ್ಬಿಯ ಮೇಲಿನ ಬರಹವನ್ನು ನಂಬಿ ಕೂರಬೇಡಿ. ಸ್ಪೆಕ್ಟ್ರೋಮೀಟರ್ ಇರುವ ಭೌತಶಾಸ್ತ್ರ ವಿಭಾಗಕ್ಕೆ ದೀಪ ಹೊತ್ತೊಯ್ದರೆ ಸಂಶಯ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಬೆಳಕಿನ ಪ್ರಮಾಣ. ಮೊಬೈಲಿನ ಲಕ್ಸ್ ಆ್ಯಪ್ ಇಲ್ಲಿ ಕೆಲಸಕ್ಕೆ ಬಾರದು. ಲಕ್ಸ್ ಎನ್ನುವುದು ಮನುಷ್ಯನ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬ ಲೆಕ್ಕ. ನೇರಳಾತೀತ ನಮಗೆ ಕಾಣುವುದೇ ಇಲ್ಲ, ಗಾಢ ಕೆಂಪು ಮಂಕಾಗಿ ಕಾಣುತ್ತದೆ. ಆ ಅಲೆಯುದ್ದಕ್ಕೆ ಹೊಂದಿದ ಪವರ್ ಮೀಟರನ್ನು ಸ್ಯಾಂಪಲ್ ಇಡುವ ಜಾಗದಲ್ಲೇ, ಅದೇ ಎತ್ತರದಲ್ಲಿ ಇಟ್ಟು ಅಳೆಯಿರಿ. ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಸಿಕ್ಕರೆ ಒಂದು ಗಂಟೆಗೆ 18 ಜೂಲ್. ಪ್ರಬಂಧಗಳ ಜೊತೆ ಹೋಲಿಸುವಾಗ ಈ ಜೂಲ್ ಲೆಕ್ಕವನ್ನು ಮುಂದಿಡಿ. ಬರೀ ‘ಒಂದು ಗಂಟೆ ಬೆಳಕು’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ದಾರಿಯಲ್ಲಿ ಬೆಳಕನ್ನು ಯಾರು ತಿನ್ನುತ್ತಿದ್ದಾರೆ? ಪೆಟ್ರಿ ತಟ್ಟೆಯ ಮುಚ್ಚಳವನ್ನು ಮೀಟರಿನ ಮೇಲೆ ಹಿಡಿದು ಮತ್ತೆ ಅಳೆಯಿರಿ. ಒಳಗಡೆ ಆವಿ ಕಟ್ಟಿದ್ದರೆ ಹನಿಗಳು ಬೆಳಕನ್ನು ಚದುರಿಸುತ್ತವೆ. ಕೆಲವು ಪಾರದರ್ಶಕ ಪ್ಲಾಸ್ಟಿಕ್‌ಗಳಲ್ಲಿ ನೇರಳಾತೀತ ತಡೆಯುವ ರಾಸಾಯನಿಕವನ್ನು ಮೊದಲೇ ಸೇರಿಸಿರುತ್ತಾರೆ. ಕಣ್ಣಿಗೆ ಅವು ಶುಭ್ರವಾಗಿಯೇ ಕಾಣುತ್ತವೆ.

ಬ್ಯಾಕ್ಟೀರಿಯಾ ಯಾವ ದ್ರವದಲ್ಲಿವೆ? ನ್ಯೂಟ್ರಿಯೆಂಟ್ ಬ್ರಾತ್‌ನಲ್ಲೇ ಇದ್ದರೆ ಹುಟ್ಟುವ ರ‍್ಯಾಡಿಕಲ್‌ಗಳನ್ನು ಬ್ರಾತ್‌ನ ಪ್ರೋಟೀನ್ ಚೂರುಗಳೇ ಮೊದಲು ನುಂಗುತ್ತವೆ. ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡಿ, ಸಲೈನಿನಲ್ಲಿ ತೊಳೆದು ಮತ್ತೆ ತೇಲಿಸಿ. ಸಂಖ್ಯೆಯನ್ನೂ ನೋಡಿ. ರಾತ್ರಿಯಿಡೀ ಬೆಳೆದ ಕಲ್ಚರಿನಲ್ಲಿ ಮಿಲಿಲೀಟರಿಗೆ 100 ಕೋಟಿಯಷ್ಟು ಇರಬಹುದು. ಅದನ್ನೇ ನೇರವಾಗಿ ಸುರಿದರೆ ಸತ್ತವುಗಳ ಮರೆಯಲ್ಲಿ ಬದುಕಿದವು ಕುಳಿತಿರುತ್ತವೆ. 10 ಲಕ್ಷದ ಸುತ್ತಮುತ್ತ ಇಳಿಸಿ ಪರೀಕ್ಷೆ ಮಾಡಿ.

ಈಗ ನನ್ನ ಲೆಕ್ಕದಲ್ಲಿ ಎಲ್ಲರೂ ಮರೆಯುವ ಸಂಗತಿ: ದೂರ. ನೀರಿನಲ್ಲಿ ಸಿಂಗ್ಲೆಟ್ ಆಕ್ಸಿಜನ್ನಿನ ಆಯುಸ್ಸು ಸುಮಾರು 3.5 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಅದು ದಾಟುವುದು ಒಂದೆರಡು ನೂರು ನ್ಯಾನೊಮೀಟರ್. ಒಂದು ಬ್ಯಾಕ್ಟೀರಿಯಾದ ಅಗಲವೇ ಅದಕ್ಕಿಂತ ಹೆಚ್ಚು. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅಷ್ಟೂ ದೂರ ಹೋಗುವುದಿಲ್ಲ. ಹೀಗಿರುವಾಗ ಸ್ಯಾಂಪಲ್ ಮೇಲೆ 2 ಮಿಲಿಲೀಟರ್ ದ್ರವ ನಿಲ್ಲಿಸಿ, ಮೇಲೆ ತೇಲುವ ಬ್ಯಾಕ್ಟೀರಿಯಾ ಸಾಯಲಿಲ್ಲ ಎಂದು ಕೋಟಿಂಗನ್ನು ದೂರಿದರೆ ನ್ಯಾಯವಲ್ಲ. 25ರಿಂದ 50 ಮೈಕ್ರೊಲೀಟರ್ ಹನಿ ಹಾಕಿ, ಬೆಳಕು ದಾಟುವ ತೆಳು ಫಿಲ್ಮ್ ಹೊದಿಸಿ, ಹನಿ ಹಾಳೆಯಂತೆ ಹರಡಲಿ. ಎಷ್ಟೋ ‘ಕೆಟ್ಟ’ ಕೋಟಿಂಗ್‌ಗಳು ಈ ಒಂದು ಬದಲಾವಣೆಗೇ ಸರಿಹೋಗುತ್ತವೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕೋಟಿಂಗಿನ ಕಡೆ ತಿರುಗಿ. ಬ್ಯಾಕ್ಟೀರಿಯಾ ಬದಿಗಿಟ್ಟು ಮೊದಲು ರಾಸಾಯನಿಕ ಪರೀಕ್ಷೆ ಮಾಡಿ. ಟೈಟಾನಿಯಂ ಡೈಆಕ್ಸೈಡಿಗೆ ಟೆರಿಫ್ತಾಲಿಕ್ ಆಮ್ಲ ಒಳ್ಳೆಯದು. ಅದನ್ನು ಕ್ಷಾರದಲ್ಲಿ ಕರಗಿಸಿ ಸ್ಯಾಂಪಲ್ ಮೇಲೆ ಇಟ್ಟು ಬೆಳಕು ಕೊಡಿ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿದರೆ ಅದು 425 ನ್ಯಾನೊಮೀಟರಿನಲ್ಲಿ ಹೊಳೆಯುವ ವಸ್ತುವಾಗುತ್ತದೆ. ಬಣ್ಣದ ಕೋಟಿಂಗ್‌ಗೆ ಡಿಪಿಬಿಎಫ್ ಎಂಬ ಸೂಚಕ ರಾಸಾಯನಿಕ ಬಳಸಿ. ಅದರ ಹಳದಿ ಬಣ್ಣ, ಅಂದರೆ 410ರ ಹೀರುವಿಕೆ, ಇಳಿಯುತ್ತ ಬಂದರೆ ಸಿಂಗ್ಲೆಟ್ ಆಕ್ಸಿಜನ್ ಹುಟ್ಟುತ್ತಿರಬಹುದು. ಆದರೆ ಡಿಪಿಬಿಎಫ್ ನೀಲಿ, ನೇರಳೆ ಬೆಳಕಿಗೆ ತಾನೇ ಒಡೆಯುತ್ತದೆ, ಕೋಟಿಂಗ್ ಇಲ್ಲದ ಕಂಟ್ರೋಲ್ ಬೇಕೇ ಬೇಕು. ಟೈಟಾನಿಯಂ ಡೈಆಕ್ಸೈಡನ್ನು ಮಿಥಿಲೀನ್ ಬ್ಲೂ ಮಾಸಿಸಿ ಪರೀಕ್ಷಿಸುವ ರೂಢಿಯೂ ಇದೆ. ನೇರಳಾತೀತದಲ್ಲಿ ಅದು ಸರಿ. ಬಿಳಿ ಬೆಳಕಿನಲ್ಲಿ ಬಣ್ಣ ತಾನೇ ಬೆಳಕು ಹೀರಿ ಮಾಸುವುದರಿಂದ ಅಲ್ಲಿ ಸಿಗುವ ಫಲಿತಾಂಶವನ್ನು ನಂಬಬಾರದು.

ರಾಸಾಯನಿಕ ಪರೀಕ್ಷೆ ಗೆದ್ದು ಬ್ಯಾಕ್ಟೀರಿಯಾ ಸಾಯದಿದ್ದರೆ ದೋಷ ದೂರದಲ್ಲಿದೆ ಅಥವಾ ದ್ರವದಲ್ಲಿದೆ, ಹಿಂದಕ್ಕೆ ಹೋಗಿ. ರಾಸಾಯನಿಕ ಪರೀಕ್ಷೆಯೂ ಸೋತರೆ ಕೋಟಿಂಗ್ ನಿಜಕ್ಕೂ ಸತ್ತಿದೆ. ಆನೊಡೈಸ್ ಮಾಡಿ, ಅಂದರೆ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ, ಬೆಳೆಸಿದ ನ್ಯಾನೊಟ್ಯೂಬ್‌ಗಳಾದರೆ ಮೊದಲ ಪ್ರಶ್ನೆ ಒಂದೇ: ಫರ್ನೇಸಿನಲ್ಲಿ ಕಾಯಿಸಿದಿರಾ? ಎಲೆಕ್ಟ್ರೊಲೈಟಿನಿಂದ ಎತ್ತಿದಾಗ ಸಾಮಾನ್ಯವಾಗಿ ಅವುಗಳಿಗೆ ಹರಳಿನ ರಚನೆ ಇರುವುದಿಲ್ಲ. ಸುಡದ ಹಸಿ ಮಡಕೆಯಂತೆ, ಆಕಾರ ಇದೆ, ಗುಣ ಬಂದಿಲ್ಲ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಅನಟೇಸ್ ಆಗುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇಯಿಂದ ಹರಳಿನ ರಚನೆ ತಿಳಿಯುವ ಪರೀಕ್ಷೆ) 25.3 ಡಿಗ್ರಿಯ ಹತ್ತಿರ ಶಿಖರ ಕಂಡರೆ ಅನಟೇಸ್ ಇದೆ, 27.4ರ ಹತ್ತಿರ ಕಂಡರೆ ರೂಟೈಲ್ ಎಂಬ ಇನ್ನೊಂದು ಹರಳಿನ ರೂಪ. ಕೋಟಿಂಗ್ ತೆಳುವಾಗಿ ಎಕ್ಸ್‌ಆರ್‌ಡಿಗೆ ಸಿಗದಿದ್ದರೆ ರಾಮನ್ ಸ್ಪೆಕ್ಟ್ರಮ್ ತೆಗೆಸಿ, ಅನಟೇಸಿನ 144ರ ಗೆರೆ ಬಲವಾದದ್ದು. ಅಗ್ಗವೆಂದು ಗಾಜಿನ ಸ್ಲೈಡ್ ಮೇಲೆ ಕೋಟಿಂಗ್ ಹಾಕಿ ಕಾಯಿಸಿದವರಿಗೆ ಬೇರೆಯದೇ ತೊಂದರೆ: ಮಾಮೂಲಿ ಗಾಜಿನ ಸೋಡಿಯಂ ಬಿಸಿಯಲ್ಲಿ ಮೇಲೇರಿ ಟೈಟಾನಿಯಂ ಡೈಆಕ್ಸೈಡಿನೊಳಗೆ ಸೇರಿ ಅದರ ಶಕ್ತಿ ಕುಂದಿಸುತ್ತದೆ. ಕ್ವಾರ್ಟ್ಸ್ ಬಳಸಿ, ಇಲ್ಲವೇ ನೇರ ಟೈಟಾನಿಯಂ ಮೇಲೆಯೇ ಮಾಡಿ.

ಲಕ್ಷಣ: ಕತ್ತಲಲ್ಲೂ ಸಾಯುತ್ತಿವೆ

ಇದನ್ನು ಕಂಡು ಸಂತೋಷಪಡುವವರಿದ್ದಾರೆ. ದಯವಿಟ್ಟು ಬೇಡ. ಕತ್ತಲಲ್ಲೂ ಸಾಯುತ್ತಿವೆ ಎಂದರೆ ಸ್ಯಾಂಪಲಿನಿಂದ ಏನೋ ಹೊರಬರುತ್ತಿರುವ ಸಾಧ್ಯತೆ ದೊಡ್ಡದು. ಹೊರಬರುವುದು ಬ್ಯಾಕ್ಟೀರಿಯಾವನ್ನು ಕೊಂದರೆ ನಮ್ಮ ಜೀವಕೋಶಗಳನ್ನೂ ಕೊಲ್ಲಬಹುದು.

ಮೊದಲು ಕತ್ತಲು ನಿಜವಾಗಿ ಕತ್ತಲೇ ಎಂದು ನೋಡಿ. ಬಣ್ಣದ ಕೋಟಿಂಗ್‌ಗಳಿಗೆ ಕೋಣೆಯ ಟ್ಯೂಬ್‌ಲೈಟೂ ಬೆಳಕೇ. ಹನಿ ಹಾಕುವಾಗ, ತೊಳೆಯುವಾಗ, ಡೈಲ್ಯೂಷನ್ ಮಾಡುವಾಗ ದೀಪ ಆರಿಸಿ, ಆ ಬಣ್ಣ ಹೀರದ ಮಂದ ಬೆಳಕಿನಲ್ಲಿ ಕೆಲಸ ಮಾಡಿ. ಇನ್ನೊಂದು ಸೂಕ್ಷ್ಮ: ಹನಿಯ ಜೊತೆ ಸ್ವಲ್ಪ ಬಣ್ಣವೂ ಅಗಾರ್ ಪ್ಲೇಟಿಗೆ ಬಂದು, ಪ್ಲೇಟು ಕಿಟಕಿಯ ಪಕ್ಕ ಕುಳಿತಿದ್ದರೆ, ಕೊಲೆ ನಡೆದದ್ದು ಅಲ್ಲಿ, ಕೋಟಿಂಗ್ ಮೇಲೆ ಅಲ್ಲ.

ಆಮೇಲೆ ಉಳಿಕೆಗಳು. ಸಿಲಿಕೋನಿಗೆ ಬಣ್ಣ ಇಳಿಸಲು ಬಳಸಿದ ಟಾಲ್ವೀನ್ ಅಥವಾ ಅಸಿಟೋನ್ ಪೂರ್ತಿ ಆರಿದೆಯೇ? ಸ್ಟೆರಿಲೈಸ್ ಮಾಡಲು ಬಳಸಿದ ಆಲ್ಕೊಹಾಲ್? ಸ್ಟೆರಿಲೈಸ್ ಮಾಡಲು ಬಳಸುವ ಎಥಿಲೀನ್ ಆಕ್ಸೈಡ್ ಅನಿಲ ಸಿಲಿಕೋನಿನೊಳಗೆ ಇಳಿದು ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಗಾಳಿಯಾಡಿಸದೆ ಪರೀಕ್ಷೆಗೆ ತಂದರೆ ಅದೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆನೊಡೈಸ್ ಮಾಡಿದ ಟೈಟಾನಿಯಂನಲ್ಲಿ ಎಲೆಕ್ಟ್ರೊಲೈಟಿನ ಫ್ಲೋರೈಡ್ ಉಳಿದಿರುತ್ತದೆ.

ಕಂಡುಹಿಡಿಯುವುದು ಸುಲಭ. ಸ್ಯಾಂಪಲನ್ನು ಸಲೈನಿನಲ್ಲಿ 37 ಡಿಗ್ರಿಯಲ್ಲಿ ಕತ್ತಲಲ್ಲಿ ನೆನೆಸಿ, ತುಂಡನ್ನು ತೆಗೆದು ಆ ನೀರನ್ನು ಮಾತ್ರ ಬ್ಯಾಕ್ಟೀರಿಯಾಕ್ಕೆ ಕೊಡಿ. ನೀರೇ ಕೊಂದರೆ ಸೋರಿಕೆ ಖಾತ್ರಿ. ಮಿಥಿಲೀನ್ ಬ್ಲೂ ಆದರೆ ನೀರಿನ 664ರ ಹೀರುವಿಕೆಯನ್ನು ದಿನಕ್ಕೊಮ್ಮೆ ಅಳೆದು ಗೆರೆ ಎಳೆಯಿರಿ. ಗೆರೆ ಏರುತ್ತಲೇ ಇದ್ದರೆ ನಿಮ್ಮ ಕೋಟಿಂಗ್ ಔಷಧಿ ಬಿಡುವ ಕೋಟಿಂಗ್. ಅದಕ್ಕೂ ಬೆಲೆಯಿದೆ, ಆದರೆ ಬೆಳಕಿನಿಂದ ಕೆಲಸ ಮಾಡುತ್ತದೆ ಎಂದು ಬರೆಯುವಂತಿಲ್ಲ.

ಸೋರಿಕೆ ಇಲ್ಲದೆಯೂ ಕತ್ತಲಲ್ಲಿ ಕೊಲ್ಲುವ ಮೇಲ್ಮೈಗಳಿವೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಇವಾನ್ ಪಾರ್ಕಿನ್ ಅವರ ತಂಡ 2014ರಲ್ಲಿ ಸಿಲಿಕೋನಿಗೆ ಕ್ರಿಸ್ಟಲ್ ವಯೊಲೆಟ್, ಮಿಥಿಲೀನ್ ಬ್ಲೂ ಜೊತೆ ಚಿನ್ನದ ನ್ಯಾನೊಕಣ ಸೇರಿಸಿದಾಗ ಕತ್ತಲಲ್ಲೂ ಬ್ಯಾಕ್ಟೀರಿಯಾ ಸಾಯುವುದನ್ನು ತೋರಿಸಿತು. ಅಂಥ ಮಾತು ನೀವೂ ಹೇಳಬೇಕಾದರೆ ಸೋರಿಕೆಯ ಲೆಕ್ಕ ಕೈಯಲ್ಲಿರಲೇಬೇಕು.

ಲಕ್ಷಣ: ಕೋಟಿಂಗ್ ಇಲ್ಲದ ತುಂಡಿನ ಮೇಲೂ ಬೆಳಕಿಗೆ ಸಾಯುತ್ತಿವೆ

ಕೊಲ್ಲುತ್ತಿರುವುದು ದೀಪವೇ. ಬಿಸಿಯೇ, ಒಣಗಿದ್ದೇ, ಬೆಳಕೇ ಎಂದು ಬೇರ್ಪಡಿಸಿ. ತೆಳು ಥರ್ಮೋಕಪಲನ್ನು ಹನಿಯೊಳಗೇ ಇಟ್ಟು ಬಿಸಿ ನೋಡಿ. 40 ದಾಟುತ್ತಿದ್ದರೆ ಫ್ಯಾನ್ ಇಡಿ ಅಥವಾ ದೀಪ ಎತ್ತರಿಸಿ. ತಟ್ಟೆಯೊಳಗೆ ಒದ್ದೆ ಫಿಲ್ಟರ್ ಕಾಗದ ಇಟ್ಟರೆ ಹನಿ ಒಣಗುವುದು ನಿಲ್ಲುತ್ತದೆ. ಎರಡೂ ಅಲ್ಲದಿದ್ದರೆ ಬೆಳಕು. 365ರ ದೀಪ ಜೋರಾಗಿದ್ದರೆ ತಾನೇ ಹಾನಿ ಮಾಡುತ್ತದೆ. 405ರ ನೇರಳೆ ಬೆಳಕಿಗೆ ಬ್ಯಾಕ್ಟೀರಿಯಾದೊಳಗೇ ಇರುವ, ಬೆಳಕು ಹೀರುವ ಪಾರ್ಫಿರಿನ್‌ಗಳು ಬಣ್ಣದ ಕೋಟಿಂಗಿನ ಕೆಲಸವನ್ನೇ ಮಾಡುತ್ತವೆ. ಪ್ರಮಾಣ ಇಳಿಸುತ್ತ ಹೋಗಿ, ಖಾಲಿ ತುಂಡಿನ ಮೇಲಿನ ಬ್ಯಾಕ್ಟೀರಿಯಾ ಬದುಕುವ ಮಟ್ಟ ಹುಡುಕಿ, ಅಲ್ಲಿ ಕೋಟಿಂಗನ್ನು ಪರೀಕ್ಷಿಸಿ.

ಲಕ್ಷಣ: ಸ್ಟ್ಯಾಫಿಲೊಕಾಕಸ್ ಸಾಯುತ್ತದೆ, ಇ. ಕೋಲಿ ಜಗ್ಗುವುದಿಲ್ಲ

ಇದು ದೋಷವಲ್ಲ. ಇ. ಕೋಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಹೊರಗೊಂದು ಹೆಚ್ಚಿನ ಪೊರೆ ಇದೆ, ಬಣ್ಣ ಆಧಾರಿತ ಕೋಟಿಂಗ್‌ಗಳಿಗೆ ಅದು ದೊಡ್ಡ ತಡೆ. ಬೆಳಕಿನ ಹೊತ್ತನ್ನು ಹೆಚ್ಚಿಸಿ ನೋಡಿ, ಎರಡೂ ಫಲಿತಾಂಶವನ್ನು ಹಾಗೆಯೇ ಬರೆಯಿರಿ. ಇದು ತಿರುವುಮುರುವಾಗಿ ಇ. ಕೋಲಿ ಮಾತ್ರ ಸತ್ತರೆ ಕಲ್ಚರ್ ಅದಲುಬದಲಾಗಿದೆಯೇ ಎಂದು ಒಮ್ಮೆ ಗ್ರಾಂ ಸ್ಟೇನ್ ಮಾಡಿ. ಕಲ್ಚರ್‌ಗಳನ್ನು ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹದಿಂದ ತರಿಸಿ, ಅವುಗಳ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಲಕ್ಷಣ: ಮೊದಲ ಸಲ ಚೆನ್ನಾಗಿತ್ತು, ಆಮೇಲೆ ಶಕ್ತಿ ಕುಂದಿತು

ಬಣ್ಣದ ಕೋಟಿಂಗ್ ಆದರೆ ಕಣ್ಣಿಗೇ ಕಾಣುತ್ತದೆ, ಮಾಸಿರುತ್ತದೆ. ಮಾಸಿದ್ದು ಬೆಳಕಿಗೋ ಸೋರಿಕೆಗೋ ಎಂದು ತಿಳಿಯಲು ಒಂದು ತುಂಡನ್ನು ಒಣಗಿಸಿ ಬೆಳಕಿನಲ್ಲಿಡಿ, ಇನ್ನೊಂದನ್ನು ಸಲೈನಿನಲ್ಲಿ ಕತ್ತಲಲ್ಲಿಡಿ. ಬಣ್ಣ ಕಳೆದುಕೊಂಡದ್ದು ಯಾವುದೋ ಕಾರಣ ಅದೇ. ನಡುವೆ 121 ಡಿಗ್ರಿಯ ಆಟೋಕ್ಲೇವ್ ಮಾಡಿದ್ದರೆ ಆ ತೊಟ್ಟಿಯ ನೀರನ್ನೂ ನೋಡಿ, ನೀಲಿಯಾಗಿದ್ದರೆ ಮತ್ತೇನೂ ಹುಡುಕಬೇಕಿಲ್ಲ.

ಟೈಟಾನಿಯಂ ಡೈಆಕ್ಸೈಡಿನ ಬಣ್ಣ ಮಾಸುವುದಿಲ್ಲ, ಅದರ ಮೇಲೆ ಕೊಳೆ ಕೂರುತ್ತದೆ. ಡಬ್ಬಿಯಲ್ಲಿಟ್ಟ ತುಂಡಿನ ಮೇಲೂ ಗಾಳಿಯ ಎಣ್ಣೆಯಂಶ ಸೇರುತ್ತದೆ. ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ನಿಂತರೆ ಮೇಲ್ಮೈ ಕೊಳೆಯಾಗಿದೆ. ನೇರಳಾತೀತದಲ್ಲಿ ಕೆಲವು ಗಂಟೆ ಇಟ್ಟು ಮತ್ತೆ ಬಿಟ್ಟಾಗ ಹನಿ ಹರಡಿದರೆ ಕೋಟಿಂಗ್ ಆರೋಗ್ಯವಾಗಿದೆ. ಪ್ರತಿ ಪರೀಕ್ಷೆಗೂ ಮೊದಲು ಈ ಶುದ್ಧಿಯನ್ನು ಒಂದೇ ರೀತಿ ಮಾಡಿ.

ಲಕ್ಷಣ: ಒಂದೊಂದು ದಿನ ಒಂದೊಂದು ಫಲಿತಾಂಶ

1900ರಲ್ಲಿ ಪ್ರಕಟವಾದ ಓಸ್ಕರ್ ರಾಬ್ ಅವರ ಕೆಲಸವನ್ನು ನೆನೆಯಿರಿ. ಮ್ಯೂನಿಕ್‌ನಲ್ಲಿ ಹೆರ್ಮನ್ ಫಾನ್ ಟಪ್ಪೈನರ್ ಅವರ ಬಳಿ ಓದುತ್ತಿದ್ದ ಆ ವಿದ್ಯಾರ್ಥಿಗೆ ಆಕ್ರಿಡೀನ್ ಬಣ್ಣದಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಸಾಯಲು ಹಿಡಿಯುವ ಹೊತ್ತು ಸಲಕ್ಕೊಂದು ಬಗೆ ಬರುತ್ತಿತ್ತು. ಬಣ್ಣವೂ ಅದೇ, ಪ್ರಮಾಣವೂ ಅದೇ, ಬದಲಾಗುತ್ತಿದ್ದುದು ಕೋಣೆಗೆ ಬರುವ ಬೆಳಕು. ಈ ಇಡೀ ಶಾಸ್ತ್ರ ಹುಟ್ಟಿದ್ದೇ ಆ ಏರುಪೇರನ್ನು ಅವರು ತಳ್ಳಿಹಾಕದೆ ಬೆನ್ನುಹತ್ತಿದ್ದರಿಂದ. ನಿಮ್ಮ ಬೆಂಚಿನ ಮೇಲೂ ಮೊದಲು ನೋಡಬೇಕಾದದ್ದು ಅದನ್ನೇ: ಕಿಟಕಿ, ದೀಪದ ಎತ್ತರ, ಸ್ಯಾಂಪಲ್ ಮಧ್ಯದಲ್ಲಿತ್ತೇ ಅಂಚಿನಲ್ಲಿತ್ತೇ, ದೀಪ ಹಚ್ಚಿ ಸ್ಥಿರವಾಗಲು ಬಿಟ್ಟಿರಾ. ಆಮೇಲೆ ಕಲ್ಚರಿನ ವಯಸ್ಸು.

ಲಕ್ಷಣ: ಕೋಟಿಂಗ್ ಏಳುತ್ತಿದೆ, ಪುಡಿ ಬರುತ್ತಿದೆ

ಇಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಕೂಡಲೇ ನಿಲ್ಲಿಸಿ. ಉದುರುವ ಪದರ ಎಷ್ಟೇ ಚೆನ್ನಾಗಿ ಕೊಂದರೂ ಇಂಪ್ಲಾಂಟಿಗೆ ಆಗದು, ದೇಹದೊಳಗೆ ಬಿಡಿ ಕಣಗಳು ಉರಿಯೂತ ತರುತ್ತವೆ. ಎಎಸ್‌ಟಿಎಂ ಡಿ3359 ಮಾನದಂಡ ಹೇಳುವ ಟೇಪ್ ಪರೀಕ್ಷೆ ಅಗ್ಗದ ಮೊದಲ ಹೆಜ್ಜೆ: ಬ್ಲೇಡಿನಿಂದ ಚೌಕಳಿ ಗೀರಿ, ಟೇಪ್ ಅಂಟಿಸಿ ಕೀಳುವುದು. ಪದರ ದಪ್ಪವಾದದ್ದು, ಬೇಗ ಕಾಯಿಸಿ ಬೇಗ ತಣಿಸಿದ್ದು, ಲೋಹವನ್ನು ಮೊದಲು ಸರಿಯಾಗಿ ತೊಳೆಯದಿದ್ದದ್ದು, ಇವು ಮೂರು ಮಾಮೂಲಿ ಕಾರಣಗಳು. ಬಯೋಫಿಲ್ಮ್ ಬಿಡಿಸಲು ಸಾನಿಕೇಟರ್ (ಶಬ್ದದ ಅಲೆಗಳಿಂದ ಅಲುಗಿಸುವ ಯಂತ್ರ) ಬಳಸುವವರು ಗಮನಿಸಿ: ಜೋರಾದ ಸಾನಿಕೇಷನ್ ನ್ಯಾನೊಟ್ಯೂಬ್‌ಗಳನ್ನೇ ಕಿತ್ತುಹಾಕುತ್ತದೆ.

ಲಕ್ಷಣ: ಪ್ಲೇಟಿನಲ್ಲಿ ಗೆದ್ದಿತು, ಮಾಂಸದ ಅಡಿಯಲ್ಲಿ ಸೋತಿತು

ಕೋಳಿ ಮಾಂಸದ ತುಂಡನ್ನು ಅಡ್ಡ ಇಟ್ಟಾಗ ಫಲಿತಾಂಶ ಕುಸಿದರೆ ಅದು ಕೋಟಿಂಗಿನ ದೋಷವಲ್ಲ, ಬೆಳಕಿನ ಮಿತಿ. ನೇರಳಾತೀತ ಚರ್ಮದ ಮೇಲ್ಪದರಗಳಲ್ಲೇ ನಿಲ್ಲುತ್ತದೆ. ಕೆಂಪು ಮತ್ತು ಅವಕೆಂಪಿನ ಸಮೀಪದ ಬೆಳಕು ಮಿಲಿಮೀಟರ್‌ಗಳ ಲೆಕ್ಕದಲ್ಲಿ ಒಳಗಿಳಿದರೂ ಸೊಂಟದ ಕೀಲಿನವರೆಗೆ ಹೊರಗಿನಿಂದ ತಲುಪುವುದಿಲ್ಲ. ಈ ಕೋಟಿಂಗ್‌ಗಳಿಗೆ ನಿಜವಾದ ಜಾಗ ಬೆಳಕು ಹೋಗುವಲ್ಲಿ: ಹಲ್ಲಿನ ಇಂಪ್ಲಾಂಟಿನ ವಸಡಿನಂಚು, ಕ್ಯಾಥೆಟರ್, ಮೂಳೆ ಮುರಿದಾಗ ಹೊರಗಿನಿಂದ ಹಾಕುವ ಪಿನ್ನು, ಗಾಯ ಮುಚ್ಚುವ ಮೊದಲು ತೆರೆದಿರುವ ಮೇಲ್ಮೈ. ಅವಕೆಂಪಿನ ಸಮೀಪದ 808 ನ್ಯಾನೊಮೀಟರ್ ಲೇಸರ್ ಬಳಸಿ ಗೆದ್ದವರು ಹನಿಯ ಬಿಸಿಯನ್ನೂ ಅಳೆಯಿರಿ, ಕೊಂದದ್ದು ಬರೀ ಶಾಖವಾಗಿದ್ದರೆ ಸುತ್ತಲಿನ ಜೀವಕೋಶಗಳನ್ನೂ ಅದು ಸುಡುತ್ತದೆ. ಜೀವಕೋಶಗಳ ಮೇಲಿನ ಪರೀಕ್ಷೆಯನ್ನು, ಅಂದರೆ ಐಎಸ್‌ಒ 10993-5, ಬೆಳಕಿನಲ್ಲೂ ಕತ್ತಲಲ್ಲೂ ಮಾಡಿಸಬೇಕು.

ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು

ಆನೊಡೈಸಿಂಗ್‌ಗೆ ಬಳಸುವ ಫ್ಲೋರೈಡ್ ದ್ರಾವಣ, ಅದರಲ್ಲೂ ಹೈಡ್ರೊಫ್ಲೋರಿಕ್ ಆಮ್ಲ, ಚರ್ಮದ ಮೂಲಕ ಒಳಗಿಳಿದು ಮೂಳೆಯವರೆಗೆ ಹಾನಿ ಮಾಡುತ್ತದೆ. ನೋವು ತಡವಾಗಿ ಶುರುವಾಗಬಹುದು. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದಿದ್ದರೆ, ಪಕ್ಕದಲ್ಲಿ ಇನ್ನೊಬ್ಬರಿಲ್ಲದಿದ್ದರೆ ಆ ಕೆಲಸ ಮುಟ್ಟಲೇಬೇಡಿ. ಮೈಮೇಲೆ ಬಿದ್ದರೆ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಸಿಂಗ್ಲೆಟ್ ಆಕ್ಸಿಜನ್ ಹೌದೋ ಅಲ್ಲವೋ ಎಂದು ನೋಡಲು ಬಳಸುವ ಸೋಡಿಯಂ ಅಜೈಡ್ ವಿಷ. ಆಮ್ಲ ತಾಗಿದರೆ ವಿಷಾನಿಲ ಬಿಡುತ್ತದೆ, ಸಿಂಕಿಗೆ ಸುರಿದರೆ ತಾಮ್ರ, ಸೀಸದ ಕೊಳವೆಗಳಲ್ಲಿ ಸ್ಫೋಟಕವಾಗುತ್ತದೆ. 365ರ ಎಲ್‌ಇಡಿ ಮಂಕಾಗಿ ಕಂಡರೂ ಕಣ್ಣಿಗೆ ಅಪಾಯ. ಆ ಅಲೆಯುದ್ದಕ್ಕೆಂದೇ ಇರುವ ಕನ್ನಡಕ ಬೇಕು, ಮಾಮೂಲಿ ತಂಪು ಕನ್ನಡಕ ಸಾಲದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಜೊತೆಗಿನ ಕೆಲಸ ಬಯೋಸೇಫ್ಟಿ ಹಂತ 2ರ ಕೋಣೆಯಲ್ಲೇ ಆಗಲಿ. ಬಳಸಿದ ಪ್ಲೇಟ್‌ಗಳನ್ನು ಮೊದಲು ಲ್ಯಾಬಿನಲ್ಲೇ ನಿಷ್ಕ್ರಿಯಗೊಳಿಸಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ ಚೀಲಕ್ಕೆ ಹಾಕಿ.

ದೀಪ, ದ್ರವ, ದೂರ, ಹರಳಿನ ರೂಪ, ಸೋರಿಕೆ ಎಲ್ಲ ನೋಡಿದ ಮೇಲೂ ಕೋಟಿಂಗ್ ಒಗಟಾಗಿಯೇ ಉಳಿದರೆ ಸ್ಯಾಂಪಲನ್ನು ಇನ್ನೊಂದು ಲ್ಯಾಬಿಗೆ ಕೊಡಿ. ಯಾವ ತುಂಡಿಗೆ ಕೋಟಿಂಗ್ ಇದೆ ಎಂದು ಹೇಳದೆ, ಬರೀ ಸಂಖ್ಯೆ ಬರೆದು ಕೊಡಿ.

ಇನ್ನು, ಮೈಯೊಳಗೆ ಇಂಪ್ಲಾಂಟ್ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ: ಆ ಜಾಗ ಕೆಂಪಾಗಿ ಊದಿಕೊಂಡರೆ, ಕೀವು ಬಂದರೆ, ಜ್ವರ ಇಳಿಯದಿದ್ದರೆ ಆಪರೇಷನ್ ಮಾಡಿದ ವೈದ್ಯರನ್ನು ಅಂದೇ ಕಾಣಿ. ಮನೆಯಲ್ಲಿ ಯಾವ ಬಣ್ಣದ ದೀಪವನ್ನೂ ಹಿಡಿಯಬೇಡಿ. ಸಾಧನದಲ್ಲೇ ದೋಷವಿದೆ ಎಂದು ಅನುಮಾನ ಬಂದರೆ ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಮಟೀರಿಯೊವಿಜಿಲೆನ್ಸ್ (ವೈದ್ಯಕೀಯ ಸಾಧನಗಳ ಸುರಕ್ಷತೆ ಗಮನಿಸುವ) ಕಾರ್ಯಕ್ರಮಕ್ಕೆ ದೂರು ಕೊಡಬಹುದು. ಇಂಪ್ಲಾಂಟಿನ ಹೆಸರು, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಡಿಸ್‌ಚಾರ್ಜ್ ಕಾಗದದಲ್ಲಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಆಸ್ಪತ್ರೆಯಿಂದ ಕೇಳಿ ಪಡೆದುಕೊಳ್ಳಿ.